ಶರೀರದ ತಕ್ಕಡಿ
ಸಮತೋಲನದ ನರವೂ ಮಿದುಳುಕಾಂಡವೂ

ಔರಾದದ ಕಡೆಯಿಂದ ಬೀದರಕ್ಕೆ ಬಂದ ಬಸ್ಸಿನಿಂದ ಇಳಿದ ಮುದುಕಿಯೊಬ್ಬಳು ನಿಲ್ದಾಣದ ಕಂಬವನ್ನು ಹಿಡಿದು ನಿಂತು “ಚಕ್ಕರ್ ಬಂತಪ್ಪಾ” ಎಂದು ನಿಟ್ಟುಸಿರು ಬಿಡುವುದು ಈ ಸೀಮೆಯಲ್ಲಿ ಅಪರೂಪದ ನೋಟವಲ್ಲ. ಚಕ್ಕರ್ ಎಂಬ ಮಾತು ಚಕ್ರ ಶಬ್ದದಿಂದ ಹುಟ್ಟಿದುದು. ಇತರ ಕಡೆಯ ಕನ್ನಡಿಗರು ಅದನ್ನೇ ತಲೆಸುತ್ತು ಎನ್ನುತ್ತಾರೆ. ಆಯುರ್ವೇದದ ಗ್ರಂಥಕಾರರು ಅದಕ್ಕೆ ಭ್ರಮ ಎಂದು ಹೆಸರಿಟ್ಟರು. ಭ್ರಮ್ ಧಾತುವಿಗೆ ಸುತ್ತು, ಅಲೆ ಎಂದೇ ಅರ್ಥ. ಹೀಗೆ ಮೂರು ದಿಕ್ಕುಗಳಿಂದ ಬಂದ ಮೂರು ಶಬ್ದಗಳೂ ಒಂದೇ ಅನುಭವವನ್ನು, ಅಂದರೆ ಸುತ್ತುವಿಕೆಯನ್ನು, ಹೇಳುತ್ತಿರುವುದು ಕೇವಲ ಆಕಸ್ಮಿಕವೇ? ಮೈಯಲ್ಲಿ ತ್ರಾಣವಿಲ್ಲ, ಕಾಲು ಸೋತಿವೆ ಎಂದು ಹೇಳಬಹುದಾಗಿದ್ದ ರೋಗಿಯು ಗೋಡೆ ಸುತ್ತುತ್ತಿದೆ, ಮಂಚ ತಿರುಗುತ್ತಿದೆ ಎಂದು ಏಕೆ ಹೇಳುತ್ತಾನೆ? ಈ ಪ್ರಶ್ನೆಗೆ ಉತ್ತರವು ಒಳಕಿವಿಯಲ್ಲಿಯೂ, ಅಲ್ಲಿಂದ ಕೆಲವೇ ಸೆಂಟಿಮೀಟರುಗಳಾಚೆ ಇರುವ ಮಿದುಳುಕಾಂಡದಲ್ಲಿಯೂ ಅಡಗಿದೆ. ಅದನ್ನು ತಿಳಿಯುವುದು ಕೇವಲ ಪಾಂಡಿತ್ಯದ ಮಾತಲ್ಲ. ಮನೆಯ ಹಿರಿಯರು ಮತ್ತೆ ಎದ್ದು ನಡೆಯುವರೋ, ಹಾಸಿಗೆಯಲ್ಲಿಯೇ ಉಳಿಯುವರೋ ಎಂಬುದು ಕೆಲವೊಮ್ಮೆ ಈ ತಿಳಿವಳಿಕೆಯನ್ನೇ ಅವಲಂಬಿಸಿರುತ್ತದೆ.

ಮೂವರು ಸಾಕ್ಷಿಗಳು

ಬೀದರ ನಗರದ ಸಮೀಪದ ಝರಣಿ ನರಸಿಂಹ ಗುಹೆಯನ್ನು ಹೊಕ್ಕು ಬಂದವರಿಗೆ ಸಮತೋಲನದ ಪಾಠವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ದಾರಿ ತೆರೆದಿರುವ ದಿನಗಳಲ್ಲಿ ಭಕ್ತರು ಟೊಂಕದಿಂದ ಎದೆಯವರೆಗೆ ಬರುವ ನೀರಿನಲ್ಲಿ ನಡೆದು ಗರ್ಭಸ್ಥಾನವನ್ನು ಸೇರುತ್ತಾರೆ. ಅಲ್ಲಿ ಬೆಳಕು ಮಂದ. ಕಾಲಿಡುವ ನೆಲ ಕಣ್ಣಿಗೆ ಕಾಣದು. ನೀರು ದೇಹದ ಭಾರವನ್ನು ಎತ್ತಿಹಿಡಿಯುವುದರಿಂದ ಅಂಗಾಲಿಗೆ ನೆಲದ ಒತ್ತಡವೂ ಸರಿಯಾಗಿ ತಿಳಿಯದು. ಆದರೂ ಜನರು ಬೀಳದೆ ಹೋಗಿ ಬರುತ್ತಾರೆ.

ಮನುಷ್ಯನು ನೆಟ್ಟಗೆ ನಿಲ್ಲಲು ಮೂವರು ಸಾಕ್ಷಿಗಳು ಬೇಕು. ಸುತ್ತಲಿನ ಗೋಡೆ ಗಿಡಗಳನ್ನು ನೋಡುವ ಕಣ್ಣು ಮೊದಲನೆಯದು. ಅಂಗಾಲು, ಕೀಲು, ಕುತ್ತಿಗೆಯ ಸ್ನಾಯು ಇವುಗಳಿಂದ ಬರುವ ಅರಿವು ಎರಡನೆಯದು. ಒಳಕಿವಿ ಮೂರನೆಯದು. ಗುಹೆಯ ನೀರಿನಲ್ಲಿ ಮೊದಲಿನ ಇಬ್ಬರು ಸಾಕ್ಷಿಗಳು ಅರ್ಧ ಮೌನ ವಹಿಸುತ್ತಾರೆ. ಆಗ ಮೂರನೆಯವನ ಮಾತಿಗೆ ತೂಕ ಹೆಚ್ಚುತ್ತದೆ. ತೋಲನವೆಂದರೆ ತೂಗುವುದು. ಹಾಗಾದರೆ ಈ ಮೂವರ ಮಾತನ್ನು ತೂಗುವ ತಕ್ಕಡಿ ಎಲ್ಲಿದೆ?

ಒಳಕಿವಿಯ ರಚನೆ

ಕಿವಿಯು ಕೇಳುವುದಕ್ಕೆ ಮಾತ್ರ ಇದೆಯೆಂಬುದು ರೂಢಿಯ ನಂಬಿಕೆ. ಕಿವಿಯ ಹಿಂಬದಿಯ ಗಟ್ಟಿ ಮೂಳೆಯೊಳಗೆ, ಶಬ್ದವನ್ನು ಗ್ರಹಿಸುವ ಶಂಖಾಕೃತಿಯ ಅಂಗದ ನೆರೆಯಲ್ಲಿಯೇ, ಸಮತೋಲನದ ಐದು ಅಂಗಗಳಿವೆ. ಅವುಗಳಲ್ಲಿ ಮೂರು ಅರ್ಧವರ್ತುಲಾಕಾರದ ನಾಳಗಳು. ಇವು ಕೋಣೆಯ ಮೂಲೆಯಲ್ಲಿ ಕೂಡುವ ಎರಡು ಗೋಡೆ, ಒಂದು ನೆಲದಂತೆ ಒಂದಕ್ಕೊಂದು ಅಡ್ಡಲಾಗಿ ನಿಂತಿವೆ. ನಾಳಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದೊಡನೆ ನಾಳವೂ ತಿರುಗುತ್ತದೆ, ದ್ರವವು ಮಾತ್ರ ಜಡತ್ವದಿಂದ ಹಿಂದುಳಿಯುತ್ತದೆ. ತುಂಬಿದ ಕೊಡವನ್ನು ಥಟ್ಟನೆ ತಿರುಗಿಸಿದಾಗ ಒಳಗಿನ ನೀರು ಹಿಂದುಳಿಯುವಂತೆಯೇ ಇದು. ಹಿಂದುಳಿದ ದ್ರವವು ನಾಳದ ಬುಡದಲ್ಲಿರುವ ಅಂಟಿನಂಥ ಪರದೆಯನ್ನು ಬಾಗಿಸುತ್ತದೆ. ಪರದೆಯಲ್ಲಿ ನಾಟಿಕೊಂಡ ರೋಮಕೋಶಗಳ ಕೂದಲುಗಳು ಅದರೊಡನೆ ಬಾಗುತ್ತವೆ.

ಉಳಿದ ಎರಡು ಅಂಗಗಳು ಚಿಕ್ಕ ಚೀಲಗಳು. ಅವುಗಳ ರೋಮಕೋಶಗಳ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹರಳುಗಳು ಹರಡಿಕೊಂಡಿವೆ. ತಲೆ ವಾಲಿದಾಗ ಹರಳುಗಳ ಭಾರ ಜಾರುತ್ತದೆ, ಕೂದಲು ಬಾಗುತ್ತದೆ. ಗೌಂಡಿಯು ಗೋಡೆಯ ನೇರವನ್ನು ತೂಗುಗುಂಡಿನಿಂದ ನೋಡುತ್ತಾನೆ, ಮಟ್ಟವನ್ನು ರಸಮಟ್ಟದಿಂದ ನೋಡುತ್ತಾನೆ. ಸುಮಾರು 1472ರಲ್ಲಿ ಪೂರ್ಣಗೊಂಡ ಬೀದರದ ಮಹಮೂದ್ ಗವಾನ್ ಮದರಸಾದ ಉನ್ನತ ಮಿನಾರನ್ನು ಕಟ್ಟಿದವರಿಗೂ ಭಾರದ ಗುರುತು ಬೇಕಾಗಿಯೇ ಇದ್ದಿತು. ಅಂಥದೇ ಭಾರದ ಗುರುತನ್ನು ಪ್ರಕೃತಿಯು ಪ್ರತಿಯೊಬ್ಬನ ತಲೆಯ ಎರಡೂ ಬದಿಗೆ ಇಟ್ಟಿದೆ.

ನರತಂತುವಿನ ಪಯಣ

ಬಾಗಿದ ಕೂದಲಿನ ಸುದ್ದಿಯನ್ನು ಒಯ್ಯುವುದು ಎಂಟನೆಯ ಶಿರೋನರದ ಒಂದು ಶಾಖೆ. ಇದರ ನರಕೋಶಗಳು ಮೂಳೆಯ ಕಿರು ಸುರಂಗವೊಂದರಲ್ಲಿ ಗುಂಪಾಗಿ ಕುಳಿತಿವೆ. ಇಟಲಿಯ ಅಂಗರಚನಾಶಾಸ್ತ್ರಜ್ಞ ಆಂಟೋನಿಯೊ ಸ್ಕಾರ್ಪಾ (1752–1832) ಅವರ ಹೆಸರನ್ನು ಆ ಗುಂಪಿಗೆ ಇಡಲಾಗಿದೆ. ಮನುಷ್ಯನಲ್ಲಿ ಪ್ರತಿ ಬದಿಗೆ ಇಂಥ ಕೋಶಗಳು ಸುಮಾರು 20,000. ಪ್ರತಿ ಕೋಶಕ್ಕೂ ಎರಡು ಕೈಗಳು: ಒಂದು ರೋಮಕೋಶವನ್ನು ಮುಟ್ಟುತ್ತದೆ, ಇನ್ನೊಂದು ಮಿದುಳಿನತ್ತ ಚಾಚುತ್ತದೆ.

ಈ ತಂತುಗಳ ಒಂದು ಗುಣವನ್ನು ಮುಖ್ಯವಾಗಿ ನೆನಪಿಡಬೇಕು. ತಲೆ ಅಲುಗದೆ ಇದ್ದಾಗಲೂ ಇವು ಸುಮ್ಮನಿರುವುದಿಲ್ಲ. 1971ರಲ್ಲಿ ಗೋಲ್ಡ್‌ಬರ್ಗ್ ಮತ್ತು ಫರ್ನಾಂಡೆಜ್ ಎಂಬ ವಿಜ್ಞಾನಿಗಳು ಅಳಿಲುಕೋತಿಗಳ ನಾಳಗಳ ತಂತುಗಳನ್ನು ಪರೀಕ್ಷಿಸಿ, ವಿಶ್ರಾಂತಿಯಲ್ಲಿಯೂ ಅವು ಸರಾಸರಿ ಸೆಕೆಂಡಿಗೆ ಸುಮಾರು 90 ಬಾರಿ ಮಿಡಿಯುತ್ತವೆ ಎಂದು ತೋರಿಸಿದರು. ತಲೆಯನ್ನು ಬಲಕ್ಕೆ ತಿರುಗಿಸಿದರೆ ಬಲಗಿವಿಯ ಅಡ್ಡನಾಳದ ತಂತುಗಳ ಮಿಡಿತ ಏರುತ್ತದೆ, ಎಡಗಿವಿಯದು ಇಳಿಯುತ್ತದೆ. ಎಡಕ್ಕೆ ತಿರುಗಿಸಿದರೆ ಇದು ತಿರುವುಮುರುವು. ತಕ್ಕಡಿಯ ಎರಡು ತಟ್ಟೆಗಳಲ್ಲಿಯೂ ಮೊದಲೇ ಸಮಭಾರವನ್ನು ಇಟ್ಟಿದ್ದರೆ ಮಾತ್ರ ಒಂದು ಕಾಳಿನ ಹೆಚ್ಚು ಕಡಿಮೆಯೂ ಮುಳ್ಳಿಗೆ ತಿಳಿಯುತ್ತದೆ.

ತಂತುಗಳಲ್ಲಿಯೂ ಎರಡು ಬಗೆಗಳುಂಟು. ತೆಳುವಾದವು ಗಡಿಯಾರದಂತೆ ಒಂದೇ ಲಯದಲ್ಲಿ ಮಿಡಿಯುತ್ತವೆ. ದಪ್ಪನೆಯವುಗಳ ಮಿಡಿತ ಲಯ ತಪ್ಪಿದ್ದು. ಆದರೆ ಹಠಾತ್ತಾದ ಚಲನೆಯನ್ನು ಅವು ಬೇಗ ಗುರುತಿಸಿ ಬೇಗ ಸಾಗಿಸುತ್ತವೆ.

ನಾಲ್ಕು ಗುಂಪುಗಳು

ಮಿದುಳು ಬೆನ್ನುಹುರಿಯಾಗಿ ಇಳಿಯುವ ಮುನ್ನ ಇರುವ ಕಾಂಡದಂಥ ಭಾಗವೇ ಮಿದುಳುಕಾಂಡ. ಉಸಿರಾಟ, ಎದೆಬಡಿತ, ನುಂಗುವಿಕೆ ಮೊದಲಾದವುಗಳ ಆಡಳಿತವೂ ಇಲ್ಲಿಯೇ. ಸಮತೋಲನದ ತಂತುಗಳು ಇದರ ಬದಿಯಿಂದ ಒಳಹೊಕ್ಕು, ಬಹುಮಟ್ಟಿಗೆ ಪ್ರತಿಯೊಂದೂ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಮೇಲಕ್ಕೆ ಏರುತ್ತದೆ, ಇನ್ನೊಂದು ಕೆಳಕ್ಕೆ ಇಳಿಯುತ್ತದೆ. ಏರಿದ ಕವಲುಗಳಲ್ಲಿ ಕೆಲವು ಎಲ್ಲಿಯೂ ನಿಲ್ಲದೆ ನೇರವಾಗಿ ಕಿರುಮಿದುಳಿಗೆ ಹೋಗುತ್ತವೆ. ಜ್ಞಾನೇಂದ್ರಿಯದ ತಂತುವೊಂದು ಹೀಗೆ ನೇರವಾಗಿ ಕಿರುಮಿದುಳನ್ನು ಮುಟ್ಟುವುದು ಶರೀರದಲ್ಲಿ ಅಪರೂಪ.

ಉಳಿದ ಕವಲುಗಳು ನಾಲ್ಕು ನರಕೋಶಗುಂಪುಗಳಲ್ಲಿ ಹರಡಿಕೊಳ್ಳುತ್ತವೆ. ಅವುಗಳನ್ನು ಮೇಲಣ, ಪಾರ್ಶ್ವದ, ಒಳಬದಿಯ ಮತ್ತು ಕೆಳಗಣ ಗುಂಪುಗಳೆಂದು ಕರೆಯಬಹುದು. ನಾಳಗಳ ತಂತುಗಳು ಹೆಚ್ಚಾಗಿ ಮೇಲಣ ಗುಂಪಿಗೂ ಒಳಬದಿಯ ಗುಂಪಿಗೂ ಬರುತ್ತವೆ. ಅಲ್ಲಿನ ಕೋಶಗಳು ಕಣ್ಣು ಮತ್ತು ಕುತ್ತಿಗೆಯ ಸ್ನಾಯುಗಳನ್ನು ನಡೆಸುತ್ತವೆ. ಹರಳಿನ ಚೀಲಗಳ ತಂತುಗಳು ಹೆಚ್ಚಾಗಿ ಪಾರ್ಶ್ವದ ಮತ್ತು ಕೆಳಗಣ ಗುಂಪುಗಳನ್ನು ಸೇರುತ್ತವೆ. ಆದರೆ ಊರ ಓಣಿಗಳಂತೆ ಈ ಗುಂಪುಗಳ ನಡುವೆ ಗೋಡೆಗಳಿಲ್ಲ. ಒಂದೇ ತಂತು ಅನೇಕ ಕೋಶಗಳನ್ನು ಮುಟ್ಟುತ್ತದೆ. ಒಂದೇ ಕೋಶಕ್ಕೆ ಅನೇಕ ತಂತುಗಳು ಬಂದು ಸೇರುತ್ತವೆ.

ಪಾರ್ಶ್ವದ ಗುಂಪಿನಲ್ಲಿರುವ ದೊಡ್ಡ ಗಾತ್ರದ ಕೋಶಗಳು ಜರ್ಮನಿಯ ಒಟ್ಟೊ ಡೈಟರ್ಸ್ ಎಂಬ ತರುಣ ವಿಜ್ಞಾನಿಯ ಹೆಸರನ್ನು ಹೊತ್ತಿವೆ. ಆತನು 1863ರಲ್ಲಿ, ಮೂವತ್ತು ತುಂಬುವ ಮೊದಲೇ, ತೀರಿಕೊಂಡನು. ಅವನ ಬರೆಹಗಳನ್ನು 1865ರಲ್ಲಿ ಮ್ಯಾಕ್ಸ್ ಶುಲ್ಟ್ಸ್ ಪ್ರಕಟಿಸಿದುದರಿಂದ ಅವನ ಶ್ರಮ ಲೋಕಕ್ಕೆ ಉಳಿಯಿತು. ಈ ದೊಡ್ಡ ಕೋಶಗಳಿಂದ ಹೊರಟ ತಂತುಗಳು ಬೆನ್ನುಹುರಿಯಲ್ಲಿ ಇಳಿದು, ಭೂಮಿಯ ಸೆಳೆತಕ್ಕೆ ಎದುರಾಗಿ ಕಾಲನ್ನು ನೆಟ್ಟಗಿಡುವ ಸ್ನಾಯುಗಳನ್ನು ಪ್ರಚೋದಿಸುತ್ತವೆ. ವಿಚಿತ್ರವೆಂದರೆ, ಈ ಗುಂಪಿನ ಹಿಂಭಾಗದ ಕೋಶಗಳಿಗೆ ಒಳಕಿವಿಯ ತಂತುಗಳು ನೇರವಾಗಿ ಬರುವುದು ಬಹಳ ವಿರಳ. ಅವು ಮುಖ್ಯವಾಗಿ ಕಿರುಮಿದುಳಿನ ಅಂಕೆಯಲ್ಲಿವೆ.

ಇಲ್ಲಿಯೇ ವಿಷಯದ ತಿರುಳಿರುವುದು. ಕಣ್ಣಿನ ಸುದ್ದಿಯು ಹಲವು ಮೆಟ್ಟಿಲುಗಳನ್ನು ಏರಿದ ಮೇಲೆ ಇತರ ಇಂದ್ರಿಯಗಳ ಸುದ್ದಿಯೊಡನೆ ಬೆರೆಯುತ್ತದೆ. ಸಮತೋಲನದಲ್ಲಿಯಾದರೋ ಮೊದಲ ಮೆಟ್ಟಿಲಿನಲ್ಲಿಯೇ ಬೆರಕೆ ಆರಂಭವಾಗುತ್ತದೆ. ಒಳಕಿವಿಯ ತಂತು ಮುಟ್ಟಿದ ಆ ಕೋಶವು ಕಣ್ಣಿನ ಕಡೆಯಿಂದ, ಕುತ್ತಿಗೆಯ ಕಡೆಯಿಂದ, ಕಿರುಮಿದುಳಿನಿಂದ, ಎಲ್ಲಕ್ಕಿಂತ ಮಿಗಿಲಾಗಿ ಎದುರು ಬದಿಯ ಕೋಶಗಳಿಂದಲೂ ಮಾತು ಕೇಳುತ್ತದೆ. ತನ್ನ ಬದಿಯ ಕಿವಿಯು ಅದನ್ನು ಪ್ರಚೋದಿಸಿದರೆ, ಎದುರು ಬದಿಯ ಕೋಶಗಳು ಅದನ್ನು ಅಡಗಿಸುತ್ತವೆ. ಹೀಗಾಗಿ ಮಿದುಳುಕಾಂಡದ ಈ ಕೋಶವು ಬಂದ ಸುದ್ದಿಯನ್ನು ಹಾಗೆಯೇ ಮುಂದಕ್ಕೆ ಕಳಿಸುವ ಅಂಚೆಯವನಲ್ಲ. ತೂಗಿ ನೋಡುವ ನ್ಯಾಯಾಧಿಪತಿ. 2000ದ ಈಚಿನ ವರ್ಷಗಳಲ್ಲಿ ಕ್ಯಾಥ್ಲೀನ್ ಕಲೆನ್ ಮತ್ತು ಅವರ ಸಂಗಡಿಗರು ಕೋತಿಗಳಲ್ಲಿ ನಡೆಸಿದ ಅಧ್ಯಯನಗಳು ಇನ್ನೂ ಒಂದು ಸಂಗತಿಯನ್ನು ತೋರಿಸಿವೆ. ಪ್ರಾಣಿಯು ತಾನಾಗಿಯೇ ತಲೆ ತಿರುಗಿಸಿದಾಗ ಇಲ್ಲಿನ ಕೆಲವು ಕೋಶಗಳ ಉತ್ತರ ಬಹಳ ಮೆತ್ತಗಿರುತ್ತದೆ; ಬೇರೆಯವರು ತಿರುಗಿಸಿದಾಗ ಜೋರಾಗಿರುತ್ತದೆ. ಬರಲಿರುವ ಚಲನೆ ಮೊದಲೇ ಗೊತ್ತಿದ್ದರೆ ಕೋಶವು ಬೆಚ್ಚುವುದಿಲ್ಲ. ಔರಾದದ ಬಸ್ಸಿನಲ್ಲಿ ಪ್ರಯಾಣಿಕನಿಗೆ ವಾಕರಿಕೆ ಬಂದರೂ ಚಾಲಕನಿಗೆ ಸಾಮಾನ್ಯವಾಗಿ ಬಾರದಿರುವುದಕ್ಕೆ ಮುಂದಿನ ತಿರುವನ್ನು ಅವನು ಮೊದಲೇ ಬಲ್ಲನೆಂಬುದೂ ಒಂದು ಕಾರಣ.

ತರಗತಿಯಲ್ಲಿ ಮಾಡಬಹುದಾದ ಪರೀಕ್ಷೆ

ಭಾಲ್ಕಿಯ ಶಾಲೆಯಲ್ಲಾಗಲಿ ಔರಾದದ ಹಳ್ಳಿಯ ಶಾಲೆಯಲ್ಲಾಗಲಿ, ಯಾವ ಉಪಕರಣವೂ ಇಲ್ಲದೆ ಉಪಾಧ್ಯಾಯರು ಈ ಸಂಬಂಧವನ್ನು ಮಕ್ಕಳಿಗೆ ತೋರಿಸಬಹುದು. ವಿದ್ಯಾರ್ಥಿಯು ಪುಸ್ತಕವನ್ನು ಮುಖದ ಮುಂದೆ ಸ್ಥಿರವಾಗಿ ಹಿಡಿದು, ಇಲ್ಲ ಎನ್ನುವಾಗ ಮಾಡುವಂತೆ ತಲೆಯನ್ನು ಎಡಬಲಕ್ಕೆ ಬೇಗ ಬೇಗ ಆಡಿಸಲಿ. ಅಕ್ಷರಗಳನ್ನು ಓದಲು ಬರುತ್ತದೆ. ಈಗ ತಲೆಯನ್ನು ಸ್ಥಿರವಾಗಿಟ್ಟು ಪುಸ್ತಕವನ್ನೇ ಅಷ್ಟೇ ವೇಗದಿಂದ ಆಡಿಸಲಿ. ಅಕ್ಷರಗಳು ಕಲಸಿಹೋಗುತ್ತವೆ. ಮೊದಲನೆಯ ಸಲ ಕಣ್ಣನ್ನು ನಡೆಸಿದುದು ಒಳಕಿವಿ. ಅದರ ದಾರಿ ಮೂರೇ ನರಕೋಶಗಳದು: ಸ್ಕಾರ್ಪಾ ಗುಂಪಿನ ಕೋಶ, ಮಿದುಳುಕಾಂಡದ ಸಮತೋಲನಕೋಶ, ಕಣ್ಣಿನ ಸ್ನಾಯುವನ್ನು ನಡೆಸುವ ಕೋಶ. ಈ ಮೂರು ಮೆಟ್ಟಿಲುಗಳ ಚಿತ್ರವನ್ನು ಲೊರೆಂತೆ ದೆ ನೋ 1933ರಲ್ಲಿ ವಿವರಿಸಿದರು. ತಲೆ ಅಲುಗಿದ ಬಳಿಕ ಸೆಕೆಂಡಿನ ನೂರನೆಯ ಒಂದು ಭಾಗದೊಳಗೇ ಕಣ್ಣು ಎದುರು ದಿಕ್ಕಿಗೆ ಸರಿದು ನೋಟವನ್ನು ನಿಲ್ಲಿಸುತ್ತದೆ. ಎರಡನೆಯ ಸಲ ಕಣ್ಣು ತಾನೇ ನೋಡಿ ಹಿಂಬಾಲಿಸಬೇಕಾಯಿತು. ಅದಕ್ಕೆ ಸುಮಾರು ಹತ್ತುಪಟ್ಟು ಹೊತ್ತು ಹಿಡಿಯುತ್ತದೆ.

ತಕ್ಕಡಿ ಮೋಸಹೋಗುವ ಬಗೆ

ನ್ಯಾಯಾಧಿಪತಿಯೂ ಸಾಕ್ಷಿಗಳಿಂದ ಮೋಸಹೋಗಬಹುದು. ಭಾಲ್ಕಿಯ ರೈಲು ನಿಲ್ದಾಣದಲ್ಲಿ ನಿಂತ ಗಾಡಿಯೊಳಗೆ ಕುಳಿತವನಿಗೆ ಪಕ್ಕದ ಹಳಿಯ ಗಾಡಿ ಹೊರಟರೆ ತನ್ನ ಗಾಡಿಯೇ ಹೊರಟಂತೆ ತೋರುತ್ತದೆ. ಕಣ್ಣಿನ ಸುದ್ದಿಯೂ ಅವೇ ಸಮತೋಲನಕೋಶಗಳಿಗೆ ತಲುಪುವುದರಿಂದ, ಕಿವಿ ಸುಮ್ಮನಿದ್ದರೂ ಕೋಶ ಮಿಡಿಯುತ್ತದೆ.

ಇನ್ನೊಂದು ನಿದರ್ಶನ ಬೀದರದ ಆಕಾಶದಲ್ಲಿಯೇ ಇದೆ. ಇಲ್ಲಿನ ವಾಯುಪಡೆಯ ನೆಲೆಯಲ್ಲಿ ತರುಣ ಪೈಲಟ್‌ಗಳು ತರಬೇತಿ ಪಡೆಯುತ್ತಾರೆ. 1996ರಲ್ಲಿ ರೂಪುಗೊಂಡ ಸೂರ್ಯಕಿರಣ ವಿಮಾನತಂಡದ ನೆಲೆಯೂ ಇದೇ. ವಿಮಾನವು ಮೋಡದೊಳಗೆ ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ, ಇಪ್ಪತ್ತು ಸೆಕೆಂಡುಗಳ ಆಸುಪಾಸಿನಲ್ಲಿ ಪೈಲಟ್‌ನಿಗೆ ತಿರುಗುವ ಅರಿವೇ ಅಡಗುತ್ತದೆ. ಬಾಗಿದ ಪರದೆ ಮತ್ತೆ ನೆಟ್ಟಗಾಗಿ ತಂತುಗಳು ಹಳೆಯ ಮಿಡಿತಕ್ಕೆ ಮರಳಿರುತ್ತವೆ. ಆಗ ಆತನು ವಿಮಾನವನ್ನು ನೇರಗೊಳಿಸಿದರೆ ಎದುರು ದಿಕ್ಕಿಗೆ ತಿರುಗಿದಂತೆ ಭಾಸವಾಗುತ್ತದೆ. ಆ ಭಾಸವನ್ನು ನಂಬಿ ವಿಮಾನವನ್ನು ಮತ್ತೆ ಬಾಗಿಸಿದವನಿಗೆ ಅಪಾಯ ತಪ್ಪದು. ಆದುದರಿಂದಲೇ ಮೈಯ ಅರಿವನ್ನು ಬದಿಗಿಟ್ಟು ಎದುರಿನ ಉಪಕರಣಗಳನ್ನು ನಂಬಬೇಕೆಂದು ಪೈಲಟ್‌ಗಳಿಗೆ ಕಲಿಸಲಾಗುತ್ತದೆ. ಬೆಂಗಳೂರಿನಲ್ಲಿ ವಾಯುಪಡೆಯು ನಡೆಸುವ ವೈಮಾನಿಕ ವೈದ್ಯಕೀಯ ಸಂಸ್ಥೆಯು ಅಭ್ಯಸಿಸುವ ವಿಷಯಗಳಲ್ಲಿ ಇದೂ ಒಂದು.

ಒಂದು ತಟ್ಟೆ ಬಿದ್ದಾಗ

ಈಗ ಆರಂಭದ ಪ್ರಶ್ನೆಗೆ ಉತ್ತರ ಸುಲಭ. ಸೋಂಕಿನಿಂದಲೋ ಬೇರೆ ಕಾರಣದಿಂದಲೋ ಎಡಗಿವಿಯ ಸಮತೋಲನದ ನರ ಹಠಾತ್ತನೆ ಸುಮ್ಮನಾಯಿತೆಂದು ಭಾವಿಸಿರಿ. ಬಲಗಿವಿ ಎಂದಿನಂತೆ ಮಿಡಿಯುತ್ತಿದೆ. ಬಲದ ಮಿಡಿತ ಎಡಕ್ಕಿಂತ ಹೆಚ್ಚಾಗುವುದು ತಲೆ ಬಲಕ್ಕೆ ತಿರುಗಿದಾಗ ಮಾತ್ರವೆಂದು ಮಿದುಳುಕಾಂಡದ ಕೋಶಗಳು ಬಾಳಿನುದ್ದಕ್ಕೂ ಕಂಡಿವೆ. ಆದಕಾರಣ ಹಾಸಿಗೆಯಲ್ಲಿ ಅಲುಗದೆ ಮಲಗಿದ ರೋಗಿಯು ಸುತ್ತುತ್ತಿದ್ದಾನೆಂದು ಅವು ತೀರ್ಪು ಕೊಡುತ್ತವೆ. ಕಣ್ಣುಗಳು ಬಿದ್ದ ಬದಿಗೆ ಮೆಲ್ಲನೆ ಜಾರಿ, ಥಟ್ಟನೆ ಹಿಂದಿರುಗುತ್ತವೆ, ಗೋಡೆ ಸುತ್ತುತ್ತದೆ, ವಾಂತಿಯಾಗುತ್ತದೆ. ಚಕ್ಕರ್ ಎಂದವಳು ತಪ್ಪಾಡಲಿಲ್ಲ. ಅವಳ ನರಕೋಶಗಳು ಕೊಟ್ಟ ತೀರ್ಪನ್ನೇ ಯಥಾವತ್ತಾಗಿ ಹೇಳಿದಳು.

ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ, ಕಿವಿಗೆ ತಣ್ಣೀರು ಬಿಟ್ಟಾಗ ಕಣ್ಣು ಒಂದು ದಿಕ್ಕಿಗೂ ಬಿಸಿನೀರು ಬಿಟ್ಟಾಗ ಇನ್ನೊಂದು ದಿಕ್ಕಿಗೂ ಕುಣಿಯುವುದನ್ನು ಗಮನಿಸಿ, ಇದರಿಂದ ಒಂದೊಂದು ಕಿವಿಯನ್ನು ಬೇರೆ ಬೇರೆಯಾಗಿ ಪರೀಕ್ಷಿಸುವ ವಿಧಾನವನ್ನು ರೂಪಿಸಿದರು. 1914ನೆಯ ಸಾಲಿನ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ಆ ಸುದ್ದಿ ಬಂದಾಗ ಅವರು ರಷ್ಯದಲ್ಲಿ ಯುದ್ಧಕೈದಿಯಾಗಿದ್ದರು.

ಎರಡು ಬದಿಗಳೂ ಒಟ್ಟಿಗೆ ಹಾಳಾದರೆ ಸುತ್ತು ಬರುವುದಿಲ್ಲ; ತಕ್ಕಡಿಯೇ ಇಲ್ಲದಂತಾಗುತ್ತದೆ. ಕ್ಷಯಕ್ಕೆ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಅನೇಕ ಜೀವಗಳನ್ನು ಉಳಿಸಿತು; ಕೆಲವರಲ್ಲಿ ರೋಮಕೋಶಗಳನ್ನು ಕೊಂದಿತು. ಹಾಗೆ ಸಮತೋಲನವನ್ನು ಕಳೆದುಕೊಂಡ ಅಮೆರಿಕದ ವೈದ್ಯರೊಬ್ಬರು 1952ರಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದರು. ಎದೆಬಡಿತದಿಂದ ತಲೆ ಅಲುಗಿದರೂ ಅಕ್ಷರಗಳು ಕುಣಿಯುತ್ತಿದ್ದುದರಿಂದ, ಓದಬೇಕಾದರೆ ಅವರು ಮಂಚದ ತಲೆದಿಕ್ಕಿನ ಎರಡು ಸರಳುಗಳ ನಡುವೆ ತಲೆಯನ್ನು ಒತ್ತಿ ನಿಲ್ಲಿಸಿಕೊಳ್ಳಬೇಕಾಗಿದ್ದಿತು.

ಚೇತರಿಕೆಯ ದಾರಿ

ಒಂದು ಬದಿಯ ನರ ಬಿದ್ದವನು ಕೆಲವು ವಾರಗಳಲ್ಲಿ ಎದ್ದು ನಡೆಯುತ್ತಾನೆ. ಬಿದ್ದ ನರ ಮರಳಿ ಏಳದೆ ಇದ್ದಾಗಲೂ ಇದು ಸಾಧ್ಯ. ಹೇಗೆಂದರೆ, ಮಿದುಳುಕಾಂಡದಲ್ಲಿ ಸುದ್ದಿಯಿಲ್ಲದೆ ಮೂಕವಾದ ಕೋಶಗಳು ದಿನಗಳು ಕಳೆದಂತೆ ತಾವಾಗಿಯೇ ಮಿಡಿಯಲು ಕಲಿಯುತ್ತವೆ. ಕಿರುಮಿದುಳು ಎರಡು ತಟ್ಟೆಗಳನ್ನು ಮತ್ತೆ ಸರಿದೂಗಿಸುತ್ತದೆ. ಕಣ್ಣು, ಕುತ್ತಿಗೆ, ಅಂಗಾಲುಗಳ ಮಾತಿಗೆ ಹೆಚ್ಚಿನ ತೂಕ ದೊರೆಯುತ್ತದೆ. ಆದರೆ ಈ ಕಲಿಕೆಗೆ ಪಾಠ ಬೇಕು, ಪಾಠವೆಂದರೆ ಚಲನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಕಾಥಾರ್ನ್ ಮತ್ತು ಕುಕ್ಸಿ ಎಂಬ ವೈದ್ಯರು ಇದನ್ನು ಕಂಡುಕೊಂಡರು. ಬೇಗ ಓಡಾಡತೊಡಗಿದ ರೋಗಿಗಳು ಬೇಗ ಗುಣಹೊಂದುತ್ತಿದ್ದರು. ಕಣ್ಣು ಆಡಿಸುವುದು, ತಲೆ ತಿರುಗಿಸುವುದು, ಕುಳಿತು ಏಳುವುದು, ಚೆಂಡು ಎಸೆದು ಹಿಡಿಯುವುದು, ನಡೆಯುವುದು, ಹೀಗೆ ಕ್ರಮವಾಗಿ ಏರುವ ವ್ಯಾಯಾಮಗಳನ್ನು ಅವರು ರಚಿಸಿದರು. ಅದರ ಬೆಳೆದ ರೂಪವೇ ಇಂದಿಗೂ ಬಳಕೆಯಲ್ಲಿದೆ.

ನಮ್ಮ ಸಂಸಾರಗಳಲ್ಲಿ ನಡೆಯುವುದೇನು? ಚಕ್ಕರ್ ಬಂದ ಹಿರಿಯರನ್ನು ಪ್ರೀತಿಯಿಂದಲೇ ಕತ್ತಲೆಯ ಕೋಣೆಯಲ್ಲಿ ಮಲಗಿಸಿ, ಏಳಬೇಡಿರಿ ಎಂದು ತಿಂಗಳುಗಟ್ಟಲೆ ಹೇಳಲಾಗುತ್ತದೆ. ತಲೆಸುತ್ತು ನಿಲ್ಲಿಸುವ ಮಾತ್ರೆಯನ್ನು ಮೊದಲ ಕೆಲವು ದಿನಗಳ ವಾಂತಿ ನಿಂತ ಮೇಲೆಯೂ ನುಂಗಿಸಲಾಗುತ್ತದೆ. ಕೋಶಗಳು ಕಲಿಯಬೇಕಾದ ಹೊತ್ತಿನಲ್ಲಿ ಶಾಲೆಯನ್ನೇ ಮುಚ್ಚಿದಂತೆ ಇದು. ಮೊದಲ ಎರಡು ಮೂರು ದಿನಗಳ ಉಗ್ರತೆ ಇಳಿದ ಬಳಿಕ, ವೈದ್ಯರ ಸಲಹೆ ಪಡೆದು, ಮೊಮ್ಮಗನ ಕೈಹಿಡಿದು ಅಂಗಳದಲ್ಲಿ ನಡೆಯುವುದೇ ಔಷಧ.

ಎಲ್ಲ ಚಕ್ಕರವೂ ಒಂದೇ ಬಗೆಯದಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಮಾತ್ರ ಕೆಲವು ಕ್ಷಣ ಸುತ್ತಿ ನಿಲ್ಲುವುದಾದರೆ, ಹರಳುಗಳು ಕಳಚಿ ನಾಳವನ್ನು ಹೊಕ್ಕಿರುವ ಸಂಭವ ಹೆಚ್ಚು. ವೈದ್ಯರು ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳುಗಳನ್ನು ಹೊರಜಾರಿಸುತ್ತಾರೆ. ಅಮೆರಿಕದ ಜಾನ್ ಎಪ್ಲಿ ರೂಪಿಸಿದ ಈ ಕ್ರಮಕ್ಕೆ ಕೆಲವು ನಿಮಿಷಗಳು ಸಾಕು. ಆದರೆ ಸುತ್ತಿನೊಡನೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಮುಖ ಸೊಟ್ಟಗಾದರೆ, ಕೈಕಾಲು ಸೋತರೆ, ಆಸರೆಯಿಲ್ಲದೆ ನಿಲ್ಲಲೇ ಆಗದಿದ್ದರೆ ಅದು ಮಿದುಳುಕಾಂಡದ ಅಥವಾ ಕಿರುಮಿದುಳಿನ ರಕ್ತಸಂಚಾರ ನಿಂತುದರ ಲಕ್ಷಣವಾಗಿರಬಹುದು. ಆಗ ಮನೆಮದ್ದಿಗಾಗಲಿ ಹರಕೆಗಾಗಲಿ ಕಾಯದೆ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. 2007ರಿಂದ ಬೀದರ ನಗರದಲ್ಲಿಯೇ ಸರಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೊಂದು ಇರುವುದನ್ನು ಭಾಲ್ಕಿ, ಔರಾದ ತಾಲೂಕುಗಳ ಜನರು ಮರೆಯಬಾರದು.

ವಯಸ್ಸಾದಂತೆ ರೋಮಕೋಶಗಳೂ ನರತಂತುಗಳೂ ಕಡಿಮೆಯಾಗುತ್ತವೆ. ಹಿರಿಯರ ಕೋಣೆಯಲ್ಲಿ ರಾತ್ರಿಯ ಸಣ್ಣ ದೀಪ, ಬಚ್ಚಲಿನಲ್ಲಿ ಹಿಡಿಯಲು ಒಂದು ಸರಳು, ದಿನಕ್ಕೊಂದು ಸುತ್ತು ನಡಿಗೆ, ಇಷ್ಟನ್ನು ಒದಗಿಸಿದರೆ ಉಳಿದ ಸಾಕ್ಷಿಗಳಿಗೆ ಬಲ ಬರುತ್ತದೆ. ಶಾಲೆಯಲ್ಲಿ ಪದೇ ಪದೇ ಎಡವಿ ಬೀಳುವ ಮಗುವನ್ನು ಗದರಿಸುವ ಮೊದಲು ಅದರ ಕಿವಿಯನ್ನು ಪರೀಕ್ಷಿಸಿಸಬೇಕು. ಕೇಳುವ ಅಂಗವೂ ತೂಗುವ ಅಂಗವೂ ಒಂದೇ ಮೂಳೆಯೊಳಗಿನ ನೆರೆಹೊರೆ. ಕುಂಟಾಬಿಲ್ಲೆ ಆಡುವ, ಕಟ್ಟೆಯ ಅಂಚಿನ ಮೇಲೆ ಕೈಚಾಚಿ ನಡೆಯುವ ಮಕ್ಕಳು ಹೊತ್ತು ಕಳೆಯುತ್ತಿಲ್ಲ. ಅವರ ಮಿದುಳುಕಾಂಡದ ಕೋಶಗಳು ಬಾಳೆಲ್ಲ ಬೇಕಾಗುವ ತೂಕದ ಲೆಕ್ಕವನ್ನು ಅಲ್ಲಿ ಕಲಿಯುತ್ತಿವೆ. ಬಸ್ ನಿಲ್ದಾಣದ ಕಂಬವನ್ನು ಹಿಡಿದು ನಿಂತ ಮುದುಕಿಗೆ ಇನ್ನು ಮುಂದೆ ಆಸರೆಯ ಕೈ ನೀಡುವವರು, ಅವಳನ್ನು ಮನೆಗೆ ಒಯ್ದು ಮಲಗಿಸುವುದರಲ್ಲಿಯೇ ತಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯದಿರಲಿ. ನಾಲ್ಕು ದಿನ ಬಿಟ್ಟು ಅವಳನ್ನು ಎಬ್ಬಿಸಿ ನಡೆಸಲಿ.